ಒಳಕಲ್ಲಿನ ಗುಂಡು ಮತ್ತು ಇಲ್ಲದ ಲಾರಿ

ನನ್ನ ಬಲ ಹೆಗಲ ಹಿಂದೆ ಎರಡು ಪಟ್ಟಿ, ಒಂಬತ್ತು ಸ್ಕ್ರೂ ಇವೆ. ನಮ್ಮ ಹಿರೇಬೆಂಡಿಗೇರಿಯಲ್ಲಿ ಇಷ್ಟು ಸ್ಕ್ರೂ ಇರುವುದು ಎರಡೇ ಕಡೆ: ಹಿಟ್ಟಿನ ಗಿರಣಿಯಲ್ಲಿ ಮತ್ತು ನನ್ನ ಬೆನ್ನಿನಲ್ಲಿ. ಗಿರಣಿ ವಾರಕ್ಕೊಮ್ಮೆ ಕೆಡುತ್ತದೆ. ನಾನು ಕೆಟ್ಟಿಲ್ಲ. ಅವ್ವನನ್ನು ಕೇಳಿದರೆ ಬೇರೆ ಉತ್ತರ ಬರಬಹುದು, ಕೇಳಬೇಡಿ.

ಹುಬ್ಬಳ್ಳಿಯ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಾಗ ನಾನು ಸುತ್ತಲೂ ಹುಡುಕಿದ್ದೆ. ಕೈ ಮುರಿದವರಿದ್ದರು, ಕಾಲು ಮುರಿದವರಿದ್ದರು, ಸೊಂಟ ಹಿಡಿದುಕೊಂಡು ಬಂದವರಿದ್ದರು. ಹೆಗಲ ಹಿಂದಿನ ಹಲಗೆಯಂಥ ಎಲುಬು ಮುರಿದುಕೊಂಡವಳು ನಾನೊಬ್ಬಳೇ. ಮೊದಲು ಜಂಬ ಆಯಿತು, ಆಮೇಲೆ ಹೆದರಿಕೆ ಆಯಿತು. ಮುಂದೆ ಆ ಬೆಂಚಿನ ಮೇಲೆ ಇದೇ ಎಲುಬು ಹಿಡಿದುಕೊಂಡು ಯಾರಾದರೂ ಕೂತರೆ ಅವರಿಗೊಬ್ಬಳು ಜೊತೆಗಾತಿ ಇರಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಜಂಬವೂ ಚೂರು ಉಳಿದಿದೆ, ಸುಳ್ಳು ಯಾಕೆ ಹೇಳಲಿ. ಸುಳ್ಳು ಹೇಳಿ ಏನಾಯಿತು ಅನ್ನುವುದೇ ಈ ಕತೆ.

ನನ್ನ ಹೆಸರು ರೇಣುಕಾ, ಮನೆಯಲ್ಲಿ ರೇಣಿ. ಆಗ ಹದಿನೆಂಟು ತುಂಬಿ ಎರಡು ತಿಂಗಳಾಗಿತ್ತು, ಶಿಗ್ಗಾಂವಿಯಲ್ಲಿ ಪಿಯುಸಿ ಎರಡನೇ ವರ್ಷ ಓದುತ್ತಿದ್ದೆ. ಪೊಲೀಸ್ ಆಗುತ್ತೇನೆ ಎಂದು ಎಂಟನೇ ಕ್ಲಾಸಿನಿಂದ ಊರಿಗೆಲ್ಲ ಸಾರಿದ್ದೆ. ಪೊಲೀಸ್ ನೌಕರಿಗೆ ಓಡಬೇಕು, ಜಿಗಿಯಬೇಕು, ಕಬ್ಬಿಣದ ಗುಂಡನ್ನೂ ಎಸೆಯಬೇಕು. ನನ್ನ ಹತ್ತಿರ ಕಬ್ಬಿಣದ ಗುಂಡು ಇರಲಿಲ್ಲ. ಆಯಿಯ ಒಳಕಲ್ಲಿನ ಗುಂಡು ಇತ್ತು. ಆಯಿ ಅಂದರೆ ಅಪ್ಪನ ಅವ್ವ. ಮಿಕ್ಸರ್ ಬಂದ ಮೇಲೆ ಅವಳ ಒಳಕಲ್ಲು ಹಿತ್ತಲಿಗೆ ಹೋಗಿತ್ತು. ನಲವತ್ತು ವರ್ಷ ಖಾರ ಅರೆದ ಅದರ ಗುಂಡುಕಲ್ಲು ಮೊಟ್ಟೆಯ ಹಾಗೆ ನುಣುಪಾಗಿತ್ತು. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದೆ, ನಾಲ್ಕು ಕೆಜಿಗೆ ಚೂರು ಹೆಚ್ಚು. ದಿನಾ ಬೆಳಿಗ್ಗೆ ಅದನ್ನೇ ಎಸೆಯುತ್ತಿದ್ದೆ. ನಾನು ಎಸೆದರೆ ಊರೇ ತಲೆ ತಗ್ಗಿಸುತ್ತದೆ ಎಂದು ಗೆಳತಿಯರಿಗೆ ಹೇಳಿದ್ದೆ. ತಲೆ ತಗ್ಗಿಸುತ್ತಿದ್ದದ್ದು ನಮ್ಮ ಎಮ್ಮೆ ಒಂದೇ, ಅದೂ ಮೇವು ತಿನ್ನಲಿಕ್ಕೆ.

ನಮ್ಮ ಕಡೆ ಗೋವಿನಜೋಳ, ಅಂದರೆ ಮೆಕ್ಕೆಜೋಳ, ಒಣಗಿಸುವುದು ಡಾಂಬರು ರಸ್ತೆಯ ಮೇಲೆ. ಸುಗ್ಗಿಯಲ್ಲಿ ಅರ್ಧ ರಸ್ತೆ ಸರ್ಕಾರದ್ದು, ಅರ್ಧ ರಸ್ತೆ ಕಾಳಿನದು. ಗಾಡಿಗಳು ಕಾಳಿನ ಮೇಲೆ ಬರಬಾರದೆಂದು ಅಂಚಿಗೆ ಸಾಲಾಗಿ ಕಲ್ಲು ಇಡುತ್ತೇವೆ. ಆ ದಿನ ಕಾಳು ಹರಡಿ ಕಲ್ಲು ಇಡುವ ಕೆಲಸ ನನ್ನದಾಗಿತ್ತು. ಕೊನೆಯಲ್ಲಿ ಒಂದು ಕಲ್ಲು ಕಡಿಮೆ ಬಿತ್ತು. ಹೊಲದ ಬದುವಿನತನಕ ಹೋಗಿ ತರಲು ಬೇಸರವಾಗಿ ಆಯಿಯ ಗುಂಡನ್ನೇ ಇಟ್ಟೆ. ಆಡು ಬಾರದಂತೆ ಕಾಯಲು ಆಯಿ ಕೋಲು ಹಿಡಿದು ಬೇವಿನ ಮರದ ಕೆಳಗೆ ಕೂತಳು. ನಾನು ಸ್ಕೂಟಿ ಹತ್ತಿ ಕಾಲೇಜಿಗೆ ಹೊರಟೆ. ಹೊರಡುವಾಗ ಅಪ್ಪ ಹೇಳಿದ್ದ:

“ಬರುವಾಗ ಕಾಳಿನ ಮ್ಯಾಲೆ ಗಾಡಿ ಹೊಡದಿ ಅಂದ್ರ ಚಾವಿ ಕಸಗೋತೇನಿ ನೋಡು.”

ಮಧ್ಯಾಹ್ನ ಬರುವಾಗ ಆಯಿಗೆ ನನ್ನ ವೇಗ ತೋರಿಸಬೇಕು ಅನ್ನಿಸಿತು. ಕಾಳಿನ ಪಕ್ಕದಲ್ಲೇ ಬಂದು, ಒಂದು ಕೈ ಬೀಸಿ, ಗಕ್ಕನೆ ನಿಲ್ಲಿಸುವ ಯೋಜನೆ. ಕೈ ಬೀಸುವತನಕ ಎಲ್ಲ ಸರಿಯಾಗಿಯೇ ಇತ್ತು. ಆಮೇಲೆ ಮುಂದಿನ ಗಾಲಿ ಕಾಳಿನ ಮೇಲೆ ಹೋಯಿತು. ಸ್ಕೂಟಿ ಒಂದು ದಿಕ್ಕಿಗೆ ಹೋಯಿತು, ನಾನು ಒಂದು ದಿಕ್ಕಿಗೆ. ರಸ್ತೆಯ ಉದ್ದಕ್ಕೂ ಹಾಸಿಗೆಯಂತೆ ಕಾಳು ಹಾಸಿತ್ತು, ಬೀಳಲು ಬೇಕಾದಷ್ಟು ಜಾಗ ಇತ್ತು. ನಾನು ಬಿದ್ದದ್ದು ಗುಂಡಿನ ಮೇಲೆ, ಬೆನ್ನು ಕೆಳಗಾಗಿ. ಅಷ್ಟು ಕರಾರುವಾಕ್ಕಾದ ಗುರಿ ನನಗೆ ಅದಕ್ಕೂ ಮೊದಲು ಬಂದಿರಲಿಲ್ಲ. ಹೆಲ್ಮೆಟ್ ಇತ್ತು, ತಲೆ ಉಳಿಯಿತು.

ಅಪ್ಪ ಹೊಲದಿಂದ ಓಡಿ ಬಂದ. “ಏನಾತಬೇ ರೇಣಿ?”

ಉಸಿರು ಸಿಗುತ್ತಿರಲಿಲ್ಲ, ಆದರೂ ಚಾವಿಯ ಮಾತು ನೆನಪಾಯಿತು. “ಲಾರಿ ಅಪ್ಪಾ... ಕಟ್ ಹೊಡದು ಹೋತು. ಕೆಂಪು ಲಾರಿ.”

ಅಪ್ಪ ಆಯಿಯ ಕಡೆ ತಿರುಗಿದ. “ಯವ್ವಾ, ನೀ ನೋಡಿದ್ಯಾ?”

“ನೋಡ್ಲಾರದ ಏನೋ? ಕಣ್ಣಾರೆ ನೋಡೇನಿ. ನೀಲಿ ಲಾರಿ!” ಅಂದಳು ಆಯಿ.

ಆ ನೋವಿನಲ್ಲೂ ನಾನು ಬಾಯಿ ತೆರೆದು ಆಯಿಯನ್ನು ನೋಡಿದೆ. ಲಾರಿಯೇ ಇರಲಿಲ್ಲ. ಅವಳ ಕೆನ್ನೆಯ ಮೇಲೆ ಬೇವಿನ ಬೇರಿನ ಗುರುತು ಅಚ್ಚೊತ್ತಿತ್ತು. ಕಾಯಬೇಕಾದವಳು ಮಲಗಿ ನಿದ್ದೆ ಹೋಗಿದ್ದಳು, ಅದನ್ನು ಮುಚ್ಚಲು ಲಾರಿ ನೋಡಿದ್ದಳು. ಅಪ್ಪ ಒಂದು ಕ್ಷಣ ಯೋಚಿಸಿ ತಾನೇ ತೀರ್ಮಾನ ಮಾಡಿದ: “ಮುಂದ ಕೆಂಪು, ಹಿಂದ ನೀಲಿ ಇರಬೇಕು.”

ಹೀಗೆ ಇಲ್ಲದ ಲಾರಿಗೆ ಎರಡು ಬಣ್ಣ ಬಂತು.

ಶಿಗ್ಗಾಂವಿಯಲ್ಲಿ ಮುಂದಿನಿಂದ ಒಂದು ಎಕ್ಸ್‌ರೇ ತೆಗೆದರು. ಎಲುಬೇನೂ ಮುರಿದಂತೆ ಕಾಣುವುದಿಲ್ಲ, ಒಳಪೆಟ್ಟು ಇರಬಹುದು ಎಂದು ಗುಳಿಗೆ ಕೊಟ್ಟರು. ಮೂರು ದಿನ ನುಂಗಿದೆ. ಬಲಗೈ ಪಕ್ಕದಿಂದ ಮೇಲೆ ಬರಲೇ ಇಲ್ಲ. ಬೇರೆಯವರ ಕೈಯನ್ನು ನನ್ನ ಹೆಗಲಿಗೆ ನೇತುಹಾಕಿದ ಹಾಗಿತ್ತು. ಸೀನು ಬಂದರೆ ಕಣ್ಣಲ್ಲಿ ನೀರು. ಅವ್ವ ಜಡೆ ಹೆಣೆಯುವಾಗ ಕೂದಲು ಎಳೆದದ್ದು ಬೆನ್ನಿಗೆ ಗೊತ್ತಾಗುತ್ತಿತ್ತು.

“ಇದು ಒಳಪೆಟ್ಟಲ್ಲ, ನನಗ ಗೊತ್ತಾಗತೈತಿ” ಎಂದಳು ಅವ್ವ. ಹಾನಗಲ್ಲ ಕಡೆ ಎಲುಬು ಕಟ್ಟುವವರೊಬ್ಬರು ಇದ್ದರು. ಅವ್ವ ನನ್ನನ್ನು ಅಲ್ಲಿಗೆ ಕರೆದೊಯ್ದಳು.

ಅವರ ಅಂಗಳದಲ್ಲಿ ಸಾಲು ಇತ್ತು. ಬಿದಿರಿನ ದಬ್ಬೆ ಕಟ್ಟಿಸಿಕೊಂಡ ಕೈಕಾಲುಗಳ ನಡುವೆ ನಾನೊಬ್ಬಳೇ ನೆಟ್ಟಗೆ ಕಾಣುವ ರೋಗಿ. ಪಕ್ಕದ ಮುದುಕ ಕೇಳಿದ, “ಏನಾಗೇತಿ ತಂಗಿ? ಗಟ್ಟಿಮುಟ್ಟ ಇದ್ದಂಗ ಕಾಣ್ತೀ.” ನಾನು ಲಾರಿಯ ಕತೆ ಹೇಳಿದೆ. ಅಷ್ಟೊತ್ತಿಗೆ ಲಾರಿಗೆ ಹದಿನಾರು ಗಾಲಿ ಬಂದಿದ್ದವು, ಡ್ರೈವರನಿಗೆ ಕಿವಿಯತನಕ ಮೀಸೆ ಬಂದಿತ್ತು.

ನನ್ನ ಪಾಳಿ ಬಂತು. ಎಲುಬು ಕಟ್ಟುವವರು ಹೆಗಲ ಹಿಂದೆ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರು. ನಾನು ಕೂಗಿದ್ದು ಹಿರೇಕೆರೂರಿಗೆ ಕೇಳಿರಬೇಕು. ಅವರು ಕೈ ತೆಗೆದರು.

“ತಂಗಿ, ಕೈಯಾಗಿದ್ರ ಕಟ್ತಿದ್ದೆ, ಕಾಲಾಗಿದ್ರ ಕಟ್ತಿದ್ದೆ. ಇದು ಬೆನ್ನಿನ ಹಲಗಿ. ಇದಕ್ಕ ಎಲ್ಲಿ ದಬ್ಬಿ ಕಟ್ಟಲಿ? ಕೊಳ್ಳಾಗ ಕಟ್ಟಲ್ಯಾ?” ಆಮೇಲೆ ಅವ್ವನಿಗೆ ಹೇಳಿದರು: “ಮುರದೈತಿ ಯವ್ವಾ. ಎಣ್ಣಿ ಹಚ್ಚಬ್ಯಾಡ್ರಿ, ತಿಕ್ಕಬ್ಯಾಡ್ರಿ. ಸೀದಾ ಹುಬ್ಬಳ್ಳಿಗೆ ಒಯ್ರಿ.”

ತನಗೆ ಬರದ್ದನ್ನು ಬರುವುದಿಲ್ಲ ಎಂದು ಹೇಳಿದ ಆ ಮನುಷ್ಯನನ್ನು ನಾನು ಈಗಲೂ ನೆನೆಯುತ್ತೇನೆ. ಆ ದಿನಗಳಲ್ಲಿ ನಮ್ಮ ಮನೆಯ ಯಾರಿಗೂ, ನನಗಂತೂ, ಆ ಗುಣ ಇರಲಿಲ್ಲ.

ಹುಬ್ಬಳ್ಳಿಯ ಡಾಕ್ಟರು ಮಾತು ಕಡಿಮೆ ಇರುವವರು. ಹಳೆ ಎಕ್ಸ್‌ರೇ ಬೆಳಕಿಗೆ ಹಿಡಿದು ನೋಡಿ, ಮತ್ತೆ ತೆಗೆಯಲು ಕಳಿಸಿದರು. ಈ ಸಲ ಓರೆಯಾಗಿ ನಿಲ್ಲಿಸಿ ತೆಗೆದರು. ಮುಂದಿನಿಂದ ತೆಗೆದರೆ ಆ ಎಲುಬು ಪಕ್ಕೆಲುಬುಗಳ ಹಿಂದೆ ಅಡಗಿ ಕೂಡುತ್ತದಂತೆ, ಕಾಳಿನ ಚೀಲದ ಸಂದಿಯಲ್ಲಿ ಬೆಕ್ಕು ಕೂತ ಹಾಗೆ. ಓರೆಯಿಂದ ತೆಗೆದಾಗ ಸಿಕ್ಕಿಬಿತ್ತು. ಆದರೂ ಪೂರ್ತಿ ಕಾಣಲಿಲ್ಲ, ಸಿಟಿ ಸ್ಕ್ಯಾನ್ ಮಾಡಬೇಕೆಂದರು. ದೊಡ್ಡ ಬಳೆಯಂಥ ಯಂತ್ರದೊಳಗೆ ಮಲಗಿಸಿ ಉಸಿರು ಹಿಡಿ ಅಂದರು. ಹೇಗಿದ್ದರೂ ಹೆದರಿಕೆಗೆ ಉಸಿರು ತಾನೇ ನಿಂತಿತ್ತು.

ಆಮೇಲೆ ಡಾಕ್ಟರು ನಮ್ಮೆಲ್ಲರನ್ನೂ ಕಂಪ್ಯೂಟರಿನ ಮುಂದೆ ಕೂಡಿಸಿದರು. ನನ್ನ ಎಲುಬು ಚರ್ಮ ಮಾಂಸ ಎಲ್ಲ ಕಳಚಿಟ್ಟು ಪರದೆಯ ಮೇಲೆ ಗರಗರ ತಿರುಗುತ್ತಿತ್ತು. ಮೂರು ಮೂಲೆಯ ಎಲುಬು, ಸಮೋಸಾದಂತೆ. ಯಾರೋ ಸಮೋಸಾ ಮುರಿದು ಇಬ್ಬರಿಗೆ ಹಂಚಿದ ಹಾಗೆ ಕಾಣುತ್ತಿತ್ತು. ನಾನು ಹಾಗೆಂದದ್ದಕ್ಕೆ ಅಪ್ಪ ನಗಲಿಲ್ಲ. ಅವ್ವ ಪರದೆ ನೋಡದೆ ನನ್ನ ಚಪ್ಪಲಿ ನೋಡುತ್ತಿದ್ದಳು.

“ಈ ಎಲುಬು ಹಂಗೆಲ್ಲಾ ಮುರಿಯೂದಿಲ್ರಿ” ಎಂದರು ಡಾಕ್ಟರು. “ದಪ್ಪನ ಸ್ನಾಯು ಹೊದ್ದು ಮಲಗಿರತೈತಿ. ಅದು ಮುರದೈತಿ ಅಂದ್ರ ಪೆಟ್ಟು ದೊಡ್ಡದು. ಹಿಂಗಾಗಿ ಎದಿ, ಪಕ್ಕೆಲುಬು, ಪುಪ್ಪುಸ ಎಲ್ಲಾ ನೋಡೇವಿ. ಅವು ಚಲೋ ಅದಾವ. ಬಾಳ ಮಂದಿಗೆ ಕೊಳ್ಳಾಗ ಜೋಳಿಗಿ ಕಟ್ಟಿ ಕೈ ಅದರಾಗ ಹಾಕಿ ಬಿಟ್ರ ತಾನ ಕೂಡ್ತೈತಿ. ಆದ್ರ ಇಲ್ಲಿ ನೋಡ್ರಿ.”

ಅವರ ಪೆನ್ನು ನಿಂತಲ್ಲಿ ಒಂದು ಸಣ್ಣ ಬಟ್ಟಲಿನಂಥ ಜಾಗವಿತ್ತು. ತೋಳಿನ ಎಲುಬು ಅದರಲ್ಲೇ ಕೂತು ತಿರುಗಬೇಕು. ಬಿರುಕು ಆ ಬಟ್ಟಲಿನೊಳಗೆ ಹೋಗಿತ್ತು. ಎರಡು ತುಂಡುಗಳ ನಡುವೆ ಒಂದು ಗೋವಿನಜೋಳದ ಕಾಳು ಹಿಡಿಸುವಷ್ಟು ಸಂದು. ಅಳತೆಗೆ ನನಗೆ ಬೇರೆ ಏನೂ ಹೊಳೆಯಲಿಲ್ಲ. ಹಾಗೇ ಬಿಟ್ಟರೆ ಕೈ ಮೇಲೆ ಹೋಗುವುದು ಕಷ್ಟ, ಆಪರೇಷನ್ ಮಾಡಿ ಜೋಡಿಸಬೇಕು ಎಂದರು.

“ಗುಂಡು ಒಗಿಯಾಕ ಬರತೈತೇನ್ರಿ ಸರ?” ಕೇಳಿದೆ.

“ಮೊದಲ ನಿನ್ನ ತಲಿ ನೀ ಬಾಚ್ಕೋ. ಗುಂಡಿನ ಮಾತು ಆಮ್ಯಾಲೆ.”

ಬರುತ್ತದೆ ಅನ್ನಲಿಲ್ಲ, ಬರುವುದಿಲ್ಲ ಅಂತಲೂ ಅನ್ನಲಿಲ್ಲ. ನಾಲ್ಕೈದು ವರ್ಷ ಊರಿಗೆಲ್ಲ ಸಾರಿದ ಮಾತು ಆ ಎರಡರ ನಡುವೆ ನಿಂತುಬಿಟ್ಟಿತು. ನನಗೆ ಮೊದಲ ಸಲ ಹೇಳಲು ಜೋಕು ಹೊಳೆಯಲಿಲ್ಲ.

ಅಪ್ಪ ಅವ್ವ ಕಾಗದಪತ್ರಕ್ಕೆ ಹೊರಗೆ ಹೋದಾಗ ಡಾಕ್ಟರು ನನ್ನ ಬೆನ್ನು ಇನ್ನೊಮ್ಮೆ ನೋಡಿದರು. “ಲಾರಿ ಅಂತ ಬರ್ಸೀರಿ. ಲಾರಿ ಬಡದ್ರ ನಾ ಪೊಲೀಸರಿಗೆ ಹಂಗ ತಿಳಿಸಬೇಕು. ಇಲ್ಲೆ ಟೆಂಗಿನಕಾಯಿಯಷ್ಟು ದುಂಡನ ಗುರುತು ಐತಿ. ಲಾರಿಯೊಳಗ ಇಂಥಾದ್ದು ಎಲ್ಲಿರತೈತಿ ಹೇಳು?”

ಪೊಲೀಸ್ ಆಗುವವಳು ಪೊಲೀಸರಿಗೇ ಸುಳ್ಳು ಬರೆಸುವುದೇ? ಕಾಳು, ಗುಂಡು, ಬೀಸಿದ ಕೈ, ಎಲ್ಲ ಹೇಳಿದೆ. ಅವರು ‘ಲಾರಿ’ ಅನ್ನುವ ಪದವನ್ನು ಹೊಡೆದು ಹಾಕಿ, ಜಾರಿ ಕಲ್ಲಿನ ಮೇಲೆ ಬಿದ್ದದ್ದು ಎಂದು ಇಂಗ್ಲಿಷಿನಲ್ಲಿ ಬರೆದರು. “ನಿಮ್ಮಪ್ಪಗ ನೀನ ಹೇಳು” ಅಂದರು. ಹೂಂ ಅಂದೆ. ಅಪ್ಪ ಆ ಕಾಗದವನ್ನು ಮಡಚಿ ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನ ಮಾಡಿದ. ಓದಿಸಲಿಲ್ಲ. ನಾನೂ ಹೇಳಲಿಲ್ಲ.

ವಾರ್ಡಿನಲ್ಲಿ ನನ್ನ ಪಕ್ಕದ ಹಾಸಿಗೆ ಸವಣೂರಿನ ಜರೀನಾ ಚಾಚಿಯದು. ಎಲೆ ತೋಟದಲ್ಲಿ ವೀಳ್ಯದೆಲೆ ಕೊಯ್ಯುವಾಗ ಏಣಿಯಿಂದ ಬಿದ್ದು ಎಡಗೈ ಮುರಿದುಕೊಂಡಿದ್ದರು. ಆಪರೇಷನ್ನಿನ ದಿನ ಬೆಳಿಗ್ಗೆ ಜಡೆ ಹಾಕಿಕೊಂಡು ಸಿದ್ಧವಾಗಿರು ಎಂದು ನರ್ಸ್ ಹೇಳಿ ಹೋದಳು. ಅವ್ವ ಔಷಧಿ ತರಲು ಕೆಳಗೆ ಹೋಗಿದ್ದಳು. ನಾನು ಎಡಗೈಯಲ್ಲಿ ಬಾಚಣಿಗೆ ಹಿಡಿದು ಕೂತೆ.

“ಅರೆ ಬೇಟಿ, ನಿನ್ನ ಕಡೆ ಒಂದು ಕೈ ಐತಿ, ನನ್ನ ಕಡೆ ಒಂದು ಐತಿ. ಎರಡಾದ್ವಲ್ಲ, ಮತ್ತೇನ್ ಬೇಕು?” ಎಂದರು ಚಾಚಿ.

ನನ್ನ ಎಡಗೈ, ಅವರ ಬಲಗೈ. ಒಂದೆಳೆ ನಾನು ಹಿಡಿದೆ, ಒಂದೆಳೆ ಅವರು, ಮೂರನೆಯದನ್ನು ಅವರು ಹಲ್ಲಿನಲ್ಲಿ ಕಚ್ಚಿದರು. ಬಾಯಿ ಮುಚ್ಚಿದ್ದರಿಂದ ಬೈಗುಳವೆಲ್ಲ ಮೂಗಿನಿಂದ ಬರುತ್ತಿತ್ತು. ಜಡೆ ಬೆಕ್ಕಿನ ಬಾಲದ ಹಾಗಾಯಿತು. ನಕ್ಕರೆ ಬೆನ್ನು ನೋಯುತ್ತಿತ್ತು, ಆದರೂ ನಕ್ಕೆವು. ಅವ್ವ ಬಂದು ಆ ಜಡೆ ನೋಡಿದವಳು ಬಿಚ್ಚಿ ಸರಿ ಮಾಡಲಿಲ್ಲ. ಹಣೆಗೆ ವಿಭೂತಿ ಹಚ್ಚಿ, “ನಾ ಅಳಾಕತ್ತಿಲ್ಲ, ಕಣ್ಣಾಗ ವಿಭೂತಿ ಬಿತ್ತು” ಅಂದಳು. ವಿಭೂತಿ ಹಚ್ಚಿದ್ದು ನನ್ನ ಹಣೆಗೆ.

ಎಡಮಗ್ಗುಲಿಗೆ ಮಲಗಿಸಿ ಹಿಂದಿನಿಂದ ಆಪರೇಷನ್ ಮಾಡುತ್ತಾರೆಂದು ಮೊದಲೇ ಹೇಳಿದ್ದರು. ಮುಖಕ್ಕೆ ಮಾಸ್ಕ್ ಹಿಡಿದು ಎಣಿಸು ಅಂದರು. ನೂರರವರೆಗೆ ಎಣಿಸಿ ತೋರಿಸುತ್ತೇನೆ ಎಂದೆ. ನಾಲ್ಕು ನೆನಪಿದೆ, ಐದು ಇಲ್ಲ. ಎಚ್ಚರಾದಾಗ ಬಾಯಿ ಸುಣ್ಣದಂತೆ ಒಣಗಿತ್ತು. ಯಾರೋ ಬೆರಳು ಅಲ್ಲಾಡಿಸು ಅಂದರು. ಐದೂ ಅಲ್ಲಾಡಿದವು. ಅಪ್ಪ ಅವನ್ನು ಒಂದೊಂದಾಗಿ ಎಣಿಸುತ್ತಿದ್ದ.

ಕಷ್ಟ ಅಲ್ಲಿಗೆ ಮುಗಿಯಲಿಲ್ಲ. ಕೆಲವೇ ದಿನಕ್ಕೆ ಮುಂದೆ ಬಾಗಿ ಕೈಯನ್ನು ಬಾವಿಯ ಹಗ್ಗದಂತೆ ತೂಗಬಿಡಬೇಕಾಯಿತು. ಆರು ವಾರದ ಮೇಲೆ ಕೈಯನ್ನು ತಾನಾಗಿ ಎತ್ತಬೇಕು, ಗೋಡೆಯ ಮೇಲೆ ಬೆರಳುಗಳನ್ನು ಇರುವೆಯ ಹಾಗೆ ನಡೆಸುತ್ತ ಮೇಲೆ ಒಯ್ಯಬೇಕು ಎಂದರು. ನೋವಾಗುತ್ತಿತ್ತು. ಮತ್ತೆ, ಕೈ ಇಲ್ಲದವಳಿಗೆ ರೊಟ್ಟಿ ಬಡಿ ಎಂದು ಯಾರೂ ಹೇಳುವುದಿಲ್ಲ. ನಾನು ಬಾಗಿಲು ಹಾಕಿಕೊಂಡು ವ್ಯಾಯಾಮ ಮಾಡುತ್ತೇನೆಂದು ಹೇಳಿ ಮೊಬೈಲ್ ನೋಡುತ್ತಿದ್ದೆ. ಹತ್ತು ದಿನ ಬೆರಳು ಎದೆಯ ಮಟ್ಟ ದಾಟಲಿಲ್ಲ. ಡಾಕ್ಟರು ತಿರುಗಿಸಿ ನೋಡಿ, “ಹೆಗಲು ಹಿಂಗ ಬಿಗೀತಂದ್ರ ನನ್ನ ಸ್ಕ್ರೂ ಏನೂ ಮಾಡೂದಿಲ್ಲ” ಎಂದರು.

ಮರುದಿನ ಆಯಿ ನನ್ನ ಕೋಣೆಗೆ ಬಂದು ಸೆರಗಿನೊಳಗಿನಿಂದ ಗುಂಡುಕಲ್ಲು ತೆಗೆದು ಮುಂದಿಟ್ಟಳು.

“ನನ್ನ ಒಳಕಲ್ಲಿನ ಗುಂಡು. ನೀ ಬಿದ್ದಲ್ಲೇ ಸಿಕ್ತು. ಹಿತ್ತಲದಾಗಿಂದು ರಸ್ತಾಕ ಹೆಂಗ ಹೋತು? ಲಾರಿ ಹತ್ತಿ ಹೋತೇನು?”

“ನೀ ನಿದ್ದಿ ಮಾಡಿದ್ದಿ, ಆಯಿ!”

“ಹೌದು, ಮಾಡಿದ್ದೆ. ಇಲ್ಲದ ಲಾರಿ ನೋಡಿದಾಕಿ ನೀ.”

“ನೀಲಿ ಅಂದಾಕಿ ನೀ!”

“ಕೆಂಪು ಅಂತ ಮೊದಲ ನನಗ ಹೇಳಬೇಕಿಲ್ಲೋ?” ಆಯಿ ನನ್ನ ಮೊಬೈಲ್ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. “ನನಗೇನ್ ಬಿಡು, ಎಂಬತ್ತಾತು. ನಿದ್ದಿ ಬಂದಿತ್ತು ಅಂತ ಹೇಳ್ತೇನಿ. ನೀ ಏನ್ ಹೇಳ್ತೀ? ಏಳು, ಕೈ ಎತ್ತು. ಇಲ್ಲಂದ್ರ ನಿಮ್ಮಪ್ಪಗ ಲಾರಿ ನಂಬರ ಹೇಳ್ತೇನಿ.”

ಅಂದಿನಿಂದ ದಿನಕ್ಕೆ ಮೂರು ಸಲ ಗೋಡೆ. ಬೆರಳು ಮುಟ್ಟಿದಲ್ಲಿ ಆಯಿ ವಿಭೂತಿಯಿಂದ ಒಂದು ಗೆರೆ ಎಳೆಯುತ್ತಿದ್ದಳು. ನಾನು ತುದಿಗಾಲಲ್ಲಿ ನಿಂತು ಮೋಸ ಮಾಡಿದರೆ ಕೋಲು ಕಾಲಿಗೆ ಬರುತ್ತಿತ್ತು. ಕಾಳನ್ನು ಕಾಯದ ಕೋಲು ನನ್ನನ್ನು ಚೆನ್ನಾಗಿ ಕಾಯಿತು. ಗೆರೆಗಳು ಎದೆಯಿಂದ ಗದ್ದದ ಮಟ್ಟಕ್ಕೆ ಬಂದವು. ಆದರೆ ಗೋಡೆಯ ಆಸರೆ ಬಿಟ್ಟರೆ ಕೈ ದಪ್ಪೆಂದು ಬೀಳುತ್ತಿತ್ತು. ಗಾಳಿಯಲ್ಲಿ ನಿಲ್ಲುತ್ತಲೇ ಇರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಮನೆಯ ಮುಂದೆ ಲಾರಿ ಬಂದು ನಿಂತಿತು. ಮುಂದೆ ಕೆಂಪು, ಹಿಂದೆ ನೀಲಿ.

ಇಷ್ಟು ದಿನ ಅಪ್ಪ ಹೊಲದ ಕೆಲಸ ಬಿಟ್ಟು ತಡಸದ ದೊಡ್ಡ ರಸ್ತೆಯ ಚಹಾ ಅಂಗಡಿಯ ಮುಂದೆ ಯಾಕೆ ಕೂಡುತ್ತಿದ್ದ ಎಂದು ಆಗ ಗೊತ್ತಾಯಿತು. ಹೋಗಿ ಬರುವ ಲಾರಿಗಳನ್ನು ನೋಡುತ್ತಿದ್ದ. ಗೋವಿನಜೋಳದ ಚೀಲ ತುಂಬಿಕೊಂಡು ರಟ್ಟೀಹಳ್ಳಿಯಿಂದ ಬಂದ ಈ ಡ್ರೈವರನನ್ನು ನಿಲ್ಲಿಸಿ, ತಾನೂ ಹತ್ತಿ ಕರೆತಂದಿದ್ದ. ಡ್ರೈವರನಿಗೆ ಮೀಸೆಯೇ ಇರಲಿಲ್ಲ.

“ಅಣ್ಣಾರ, ಆ ದಿನ ಎಲ್ಲಿದ್ದೆ ಅಂತ ನನಗ ನೆನಪಿಲ್ರಿ” ಎನ್ನುತ್ತಿದ್ದ ಆತ. “ಆದ್ರ ಒಂದು ಹುಡುಗಿ ಬೀಳೂವಂಗ ಗಾಡಿ ಹೊಡದಿದ್ರ ನೆನಪಿರತಿತ್ತಲ್ರಿ.” ಓಣಿಯ ಜನ ಸೇರಿದ್ದರು.

ಅಪ್ಪ ಕೂಗಾಡಲಿಲ್ಲ. ದಣಿದಿದ್ದ. “ರೇಣಿ, ಇವನ ಹೌದಿಲ್ಲೋ ಅಷ್ಟ ಹೇಳು. ಹೌದಂದ್ರ ಪೊಲೀಸ್ ಸ್ಟೇಷನ್ನಿಗೆ ಹೋಗೂನು.”

ಡ್ರೈವರ್ ನನ್ನ ಕುತ್ತಿಗೆಯ ಜೋಳಿಗೆ ನೋಡಿದ. ಕೆಲಸ ಕೊಡಬಾರದೆಂದು ಅದನ್ನು ನಾನು ಬೇಕಿಲ್ಲದಿದ್ದರೂ ಹಾಕಿಕೊಂಡೇ ತಿರುಗುತ್ತಿದ್ದೆ. “ಕೈ ಈಗ ಹೆಂಗೈತಿ ತಂಗಿ?” ಎಂದು ಕೇಳಿದ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

“ಲಾರಿ ಇರಲಿಲ್ಲ, ಅಪ್ಪಾ.”

“ಮತ್ತ?”

ಬಾಗಿಲ ಪಕ್ಕದ ಕಟ್ಟೆಯ ಮೇಲೆ ಆಯಿ ಆ ಗುಂಡನ್ನು ಇಟ್ಟಿದ್ದಳು. ಜೋಳಿಗೆಯಿಂದ ಕೈ ತೆಗೆದು ಅದರ ಕಡೆ ತೋರಿಸಿದೆ. “ಅದು. ಕಾಳಿಗೆ ಅಂಚು ಅಂತ ನಾನ ಇಟ್ಟಿದ್ದೆ. ನಾನ ಅದರ ಮ್ಯಾಲೆ ಬಿದ್ದೆ.”

ಎಲ್ಲರೂ ಗುಂಡನ್ನು ನೋಡಿದರು. ಅವ್ವ ಮಾತ್ರ ನನ್ನನ್ನು ನೋಡುತ್ತಿದ್ದಳು.

“ರೇಣೀ,” ಎಂದಳು ಮೆಲ್ಲಗೆ, “ಕೈ.”

ಬಲಗೈ. ಹೆಗಲ ಮಟ್ಟಕ್ಕೆ, ನೆಟ್ಟಗೆ, ಗಾಳಿಯಲ್ಲಿ ನಿಂತಿತ್ತು. ಗೋಡೆ ಇರಲಿಲ್ಲ.

“ಇಳಿಸಬ್ಯಾಡ! ಹಂಗ ಹಿಡ್ಕೋ!” ಎಂದು ಆಯಿ ವಿಭೂತಿ ತರಲು ಒಳಗೆ ಓಡಿದಳು. ಗೆರೆ ಎಲ್ಲಿ ಎಳೆಯುತ್ತಾಳೆಂದು ನನಗೂ ತಿಳಿಯಲಿಲ್ಲ, ಅವಳಿಗೂ ತಿಳಿದಿರಲಿಕ್ಕಿಲ್ಲ. ಹೊರಗೆ ಬಂದವಳು ಎಲ್ಲರೆದುರು, “ನೀಲಿ ಅಂದಾಕಿ ನಾನ. ನಿದ್ದಿಗಣ್ಣಾಗ ಅಂದೆ” ಎಂದಳು.

ಅಪ್ಪ ಕಟ್ಟೆಯ ಮೇಲೆ ಕೂತುಬಿಟ್ಟ. ಆಮೇಲೆ ಎದ್ದು ಡ್ರೈವರನಿಗೆ ಕೈ ಮುಗಿದ. “ತಪ್ಪಾತ್ರಿ. ಊಟ ಮಾಡಿ ಹೋಗ್ರಿ.” ಆತ ಮೊದಲು ಬೇಡವೆಂದ, ಚೀಲ ತಲುಪಿಸಬೇಕೆಂದ, ಕೊನೆಗೆ ಎರಡು ರೊಟ್ಟಿ ತಿಂದ. ಆ ರೊಟ್ಟಿಗಳನ್ನು ಬಡಿದವಳು ನಾನು. ಎಡಗೈ ಮುಂದೆ, ಬಲಗೈ ಹಿಂದೆ, ಆಕಾರ ಹಿರೇಕೆರೂರು ತಾಲೂಕಿನ ನಕಾಶೆಯ ಹಾಗೆ.

ಅಪ್ಪ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಸ್ಕೂಟಿಯ ಚಾವಿ ಎಲ್ಲಿದೆಯೋ ಇವತ್ತಿಗೂ ಗೊತ್ತಿಲ್ಲ. ಮೂರನೇ ದಿನ ಗೋಡೆಯ ಮುಂದೆ ಬಂದು ನಿಂತು, ಆಯಿಯ ಕೈಯಿಂದ ವಿಭೂತಿ ತೆಗೆದುಕೊಂಡು, “ಹೂಂ, ಎತ್ತು” ಎಂದ.

ಈಗ ವರ್ಷ ತುಂಬುತ್ತ ಬಂದಿದೆ. ಜಡೆ ನಾನೇ ಹೆಣೆದುಕೊಳ್ಳುತ್ತೇನೆ. ಕೈ ಕಿವಿಗೆ ತಾಗಲು ಎರಡು ಬೆರಳಿನಷ್ಟು ಕಡಿಮೆ, ಅದು ಅಷ್ಟೇ ಇರಬಹುದು ಎಂದಿದ್ದಾರೆ. ಗಾಳಿ ತಣ್ಣಗಾದರೆ ಪಟ್ಟಿ ಇರುವ ಜಾಗ ನನಗಿಂತ ಮೊದಲೇ ಏಳುತ್ತದೆ. ರಸ್ತೆಯ ಮೇಲೆ ಮತ್ತೆ ಗೋವಿನಜೋಳ ಬಿದ್ದಿದೆ. ಈ ಸಲ ಅಂಚಿಗೆ ಅಪ್ಪ ಇಟ್ಟದ್ದು ಹಳೆ ಟೈರು. ಆಯಿ ಬೇವಿನ ಕೆಳಗೆ ಕಾಯುತ್ತಾಳೆ. ನಿದ್ದೆ ಮಾಡುವುದಿಲ್ಲವಂತೆ.

ಡಾಕ್ಟರು ಎಸೆಯಲು ಒಪ್ಪಿಗೆ ಕೊಟ್ಟ ಮರುದಿನ ಬೆಳಿಗ್ಗೆ ಹೊಲದ ಅಂಚಿಗೆ ಹೋದೆವು. ಆಯಿಯ ಗುಂಡನ್ನು ಕತ್ತಿನ ಪಕ್ಕಕ್ಕೆ ಹಿಡಿದು, ಹೆದರಿಕೆಯನ್ನೂ ಹಿಡಿದು, ಒಗೆದೆ. ಅಪ್ಪ ಹೆಜ್ಜೆ ಹಾಕಿ ಅಳೆಯುತ್ತ ಹೋದ. ಮೊದಲು ನಾನು ಎಸೆದರೆ ಗುಂಡು ತಲುಪುತ್ತಿದ್ದ ಜಾಗದ ಗುರುತಿನ ಕಲ್ಲು ಅಲ್ಲೇ ಇತ್ತು. ಗುಂಡು ಬಿದ್ದಲ್ಲಿ ಕೂತು ಅಪ್ಪ ಕೂಗಿ ಕೇಳಿದ:

“ಎಷ್ಟಂತ ಹಿಡೀಲಿ? ಅಲ್ಲಿಂದ ನಿನಗ ಸರಿಯಾಗಿ ಕಾಣತೈತಿ.”

ಹಳೆಯ ರೇಣಿಯಾಗಿದ್ದರೆ ಹಾನಗಲ್ಲ ದಾಟಿಸುತ್ತಿದ್ದೆ.

“ಮೂರು ಹೆಜ್ಜಿ ಕಡಿಮಿ ಐತಿ, ಅಪ್ಪಾ.”

ಅಪ್ಪ ಇನ್ನೊಮ್ಮೆ ಕಲ್ಲನ್ನೂ ಗುಂಡನ್ನೂ ನೋಡಿದ. “ಹೌದು, ಮೂರ” ಎಂದ. ಗುಂಡಿನ ಮಣ್ಣು ಒರೆಸಿಕೊಂಡು ನಡೆದು ಬಂದು, ನನ್ನ ಬಲಗೈಯಲ್ಲೇ ಇಟ್ಟ.

“ಇನ್ನೊಮ್ಮಿ ಒಗಿ.”